ನೆಲವಿಲ್ಲದ ಜಾನ್

ಒಂಬತ್ತನೆಯ ಇಯತ್ತೆ, ರಾತ್ರಿ ಎಂಟೂವರೆ,
ಪರೇಲಿನ ಮುನ್ಸಿಪಾಲಿಟಿ ಶಾಲೆಯ ಎರಡನೇ ಮಾಳಿಗೆ.
ಹಗಲಿನ ಮಕ್ಕಳ ಬೆಂಚು
ನಮ್ಮ ಮೊಣಕಾಲಿಗೆ ಗಿಡ್ಡ.
ಅಂಗಿಯಲ್ಲಿ ಸಾಂಬಾರಿನ ವಾಸನೆ,
ಸೋಡಾಪುಡಿಗೆ ಸುಕ್ಕಿದ ಬೆರಳು.
ದೂಮಪ್ಪ ಮಾಸ್ತರು ಸೀಮೆಸುಣ್ಣ ಮುರಿದು ಶುರುಮಾಡಿದರು:
'ಅಪ್ಪ ಮೂವರು ಗಂಡುಮಕ್ಕಳಿಗೆ ಸೀಮೆ ಹಂಚಿದ,
ಕಿರಿಯವನಿಗೆ ಅಡ್ಡಹೆಸರು ಮಾತ್ರ.
ನೆಲವಿಲ್ಲದ ಜಾನ್.
ಗೇಣಿಗೂ ಇರಲಿಲ್ಲ ಮಾರಾಯ್ರೆ!'

ಧನಿಗಳ ದಾಕ್ಷಿಣ್ಯಕ್ಕೆ
ಡಿಕ್ಲರೇಶನ್ ಹಾಕದೆ ಕೂತ ನನ್ನಪ್ಪ
ನೆನಪಾಗಿ ನಕ್ಕುಬಿಟ್ಟೆ, ಜೋರಾಗಿ.
ಮರುದಿನದಿಂದ ಹೋಟೆಲಿನಲ್ಲಿ ನನ್ನ ಹೆಸರೇ ಅದು:
'ಏ ಜಾನ್, ಆರನೇ ಟೇಬಲ್ಲಿಗೆ ನೀರು!'

ಅಣ್ಣಂದಿರು ಸತ್ತರು, ಕಿರೀಟ ಇವನ ತಲೆಗೆ ಬಂತು.
ಮೂರು ವಾರಕ್ಕೊಮ್ಮೆ ಮೀಯುತ್ತಿದ್ದನಂತೆ,
ಆ ಕಾಲಕ್ಕೆ ಅದೇ ಶೋಕಿ.
ಚಾಳಿನ ನಲ್ಲಿಗೆ ನಸುಕಿನಲ್ಲಿ ಸಾಲು ನಿಲ್ಲುವ ನಾವು
ಇಂಗ್ಲೆಂಡನ್ನು ಸ್ವಲ್ಪ ಕನಿಕರದಿಂದ ನೋಡಿದೆವು.
ಆಮೇಲೆ ಮಾಸ್ತರು ದನಿ ತಗ್ಗಿಸಿದರು:
ಅಣ್ಣನ ಮಗ, ಹದಿನಾರರ ಹುಡುಗ,
ಕೋಟೆಯೊಳಗೆ ಹೋದದ್ದಿದೆ,
ಹೊರಗೆ ಬಂದದ್ದನ್ನು ಕಂಡವರಿಲ್ಲ.
ಆ ರಾತ್ರಿ ನನಗೆ ಆ ಹೆಸರು ಬೇಡವಾಯಿತು.
ಹೋಟೆಲು ಕೇಳಬೇಕಲ್ಲ.

ಜನವರಿಯಲ್ಲಿ ಗಿರಣಿಗಳು ನಿಂತವು.
ಮಾಸ್ತರು ಹಗಲು ಗಿರಣಿಯ ಟೈಂಕೀಪರು;
ಕೈಗಡಿಯಾರ ಮಾತ್ರ ಕಟ್ಟಿಕೊಂಡೇ ಬರುತ್ತಿದ್ದರು.
ಭೋಂಗಾ ಕೂಗದ ಬೆಳಗುಗಳಲ್ಲೂ
ಅದೇ ಹೊತ್ತಿಗೆ ಎಚ್ಚರಾದವರು
ಗ್ಯಾಲರಿಯಲ್ಲಿ ನಿಂತು
ಹಲ್ಲುಜ್ಜುತ್ತಲೇ ಇದ್ದರು.
'ಪೋಪಿಗೂ ದೊರೆಗೂ ಹಟ ಬಿದ್ದು,' ಎಂದರು ಮಾಸ್ತರು,
'ಆರು ವರ್ಷ ದೇಶದಲ್ಲಿ ಇಗರ್ಜಿಯ ಗಂಟೆಯಿಲ್ಲ.
ಮಂತ್ರವಿಲ್ಲದೆ ಹೆಣ ಹೂತರು.
ದೊರೆ ಇಗರ್ಜಿಯ ಉತ್ಪನ್ನ ಎಣಿಸುತ್ತಿದ್ದ.'
ಕಿಟಕಿಯಾಚೆ ಹೊಗೆಯಿಲ್ಲದ ಚಿಮಣಿ.
ಯಾರೂ ಬರೆದುಕೊಳ್ಳಲಿಲ್ಲ.

ನದೀದಂಡೆಯ ಹುಲ್ಲುಗಾವಲಿನ ದಿನ
ಮಾಸ್ತರು ಕೋಪದಲ್ಲಿದ್ದರು.
'ಸಹಿ ಹಾಕಿದ ಅಂತ ಇದ್ದರೆ ಕಾಟು ಹೊಡೆಯಿರಿ.
ಸಹಿಯಲ್ಲ, ಮೇಣಕ್ಕೆ ಒತ್ತಿದ ಮೊಹರು.
ನಿಮ್ಮಜ್ಜನ ಹೆಬ್ಬೆಟ್ಟಿನ ಅಣ್ಣ.
ಸ್ವತಂತ್ರ ಮನುಷ್ಯನನ್ನು ವಿಚಾರಣೆಯಿಲ್ಲದೆ ಹಿಡಿಯುವಂತಿಲ್ಲ,
ಅವನ ನೆಲ ಕಸಿಯುವಂತಿಲ್ಲ...'
ತ್ಯಾಂಪ ಎದ್ದುನಿಂತ:
'ಸಾರ್, ತಟ್ಟೆ ತೊಳೆಯುವವರು ಅದರಲ್ಲಿ ಬರುತ್ತಾರಾ?'
ಫ್ಯಾನು ಎಷ್ಟೋ ಸುತ್ತು ತಿರುಗಿತು.
'ಹೆಚ್ಚಿನವರು ಬರಲಿಲ್ಲ. ಆಗ ಬರಲಿಲ್ಲ.
ಕಾಗದವೂ ಹತ್ತು ವಾರ ಬಾಳಲಿಲ್ಲ.'

ಕೊನೆಯ ಪಾಠಕ್ಕೆ ಕಡಲು ಬಿಡಿಸಿದರು.
ಮಾಹೀಮಿನ ಖಾಡಿಯ ಹಾಗೇ ಒಂದು ಖಾಡಿ,
ಇಳಿತಕ್ಕೆ ಕೆಸರು, ಭರತಕ್ಕೆ ಸಮುದ್ರ.
ಗಾಡಿಗಳಲ್ಲಿ ದೊರೆಯ ಒಡವೆ, ಬಟ್ಟಲು, ಪೆಟ್ಟಿಗೆ.
ನೀರು ಹೇಳಿ ಬರುತ್ತದೆಯೇ?
ಎತ್ತರದ ದಾರಿ ಹಿಡಿದಿದ್ದ ದೊರೆ ಉಳಿದ,
ಒಂದು ವಾರ.
ಪೀಚು ಹಣ್ಣು ತಿಂದು, ಹೊಸ ಸೇಬಿನ ಮದ್ಯ ಕುಡಿದು
ಹೊಟ್ಟೆ ಕೆಟ್ಟು ಸತ್ತ ಅಂತ ಬರೆದವರು
ಅವನನ್ನು ಕಂಡರಾಗದ ಸನ್ಯಾಸಿಗಳು.
'ಗಾಡಿ ಹೊಡೆದವರ ಹೆಸರು?' ಎಂದು ಕೇಳಿ
ತಾವೇ ಬೋರ್ಡು ಒರೆಸಿದರು.
ಮುಂದಿನ ಸೋಮವಾರ ಅವರು ಬರಲಿಲ್ಲ.
ಭಿವಂಡಿಯಲ್ಲಿ ಕಂಡರು ಎಂದ ಒಬ್ಬ.
ಇನ್ನೊಬ್ಬ ಬೇರೇನೋ ಅಂದ.

ಈಗ ಕಿಲ್ಲಾ ಕೋರ್ಟಿನ ಹೊರಗೆ ನನ್ನದೊಂದು ಮೇಜು,
ಟೈಪ್‌ರೈಟರು, ಮಸಿಯ ಪ್ಯಾಡು.
ಇವತ್ತು ಬಂದವರು ಹಳೇ ಗಿರಣಿಯ ಕೈ,
ಎಂಬತ್ತು ದಾಟಿದೆ; ಗಿರಣಿಯವರ ಮನೆಯ ಲಾಟರಿಗೆ ಅಫಿಡವಿಟ್ಟು.
ನಾನು ಟೈಪಿಸಿ ಓದಿ ಹೇಳಿದೆ:
ಈ ಮುಂಬಯಿಯಲ್ಲಿ ನನ್ನ ಹೆಸರಿನಲ್ಲಿ
ಯಾವ ನೆಲವೂ ಇರುವುದಿಲ್ಲ.
'ಖರೆ ಆಹೇ,' ಎಂದು ತಲೆಯಾಡಿಸಿದರು,
ಯಾರೋ ಹೊಗಳಿದ ಹಾಗೆ.
ಅವರ ಹೆಬ್ಬೆರಳು ಹಿಡಿದು ಒತ್ತಿದೆ.
ನೂಲು ಸವೆಸಿದ ಬೆರಳು, ಗೆರೆಯೇ ಮೂಡಲಿಲ್ಲ.
ಇನ್ನೊಮ್ಮೆ ಒತ್ತಿದೆ.